ಫೈನಲ್‌ಗೆ ಯಾರು ಬರಬೇಕು?

ನಾನು ಹೈಸ್ಕೂಲಿನಲ್ಲಿದ್ದಾಗ ಇಳಕಲ್ಲಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುವ ಹುಡುಗರಿಗೆಲ್ಲ ಒಂದೇ ಕನಸಿತ್ತು. ಎಲ್ಲಾದರೂ ಒಂದು ಟೂರ್ನಮೆಂಟ್ ಆಗಬೇಕು, ನಾವು ಫೈನಲ್ ತಲುಪಬೇಕು, ಅಲ್ಲಿ ನಮಗೆ ಹುನಗುಂದದ ತಂಡ ಸಿಗಬೇಕು. ಬಾಗಲಕೋಟೆಯವರು ಬೇಡ, ವಿಜಾಪುರದವರು ಬೇಡ, ಹುನಗುಂದದವರೇ ಬೇಕು.

ಹುನಗುಂದ ನಮ್ಮೂರಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ವ್ಯಾಪಾರ, ಸೀರೆ ಮಗ್ಗ, ಕೆಂಪು ಗ್ರಾನೈಟ್, ಯಾವುದನ್ನು ಹಿಡಿದು ನೋಡಿದರೂ ನಮ್ಮೂರೇ ದೊಡ್ಡದು. ಆದರೆ ತಾಲ್ಲೂಕು ಕೇಂದ್ರ ಮಾತ್ರ ಅವರದು. ಹೊಲದ ಉತಾರ ಬೇಕೆಂದರೂ ಆದಾಯದ ಪ್ರಮಾಣಪತ್ರ ಬೇಕೆಂದರೂ ನಾವೇ ಅಲ್ಲಿಗೆ ಹೋಗಬೇಕಿತ್ತು. ಮದುವೆಗೆ ಇಳಕಲ್ ಸೀರೆ ಬೇಕೆಂದಾಗ ಮಾತ್ರ ಅವರು ಇಲ್ಲಿಗೆ ಬರುತ್ತಿದ್ದರು. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಇಳಕಲ್ ಹೆಸರು ಬಂದಾಗ ನನಗೆ ಮೊದಲು ನೆನಪಾದದ್ದು ಆ ಆಡದೇ ಉಳಿದ ಫೈನಲ್.

ಅಬ್ಬಾರದು ರೇಡಿಯೋ ರಿಪೇರಿ ಅಂಗಡಿ, ಮುಂದೆ ಟಿವಿ ಬಂದ ಮೇಲೆ ಟಿವಿ ರಿಪೇರಿಯೂ ಆಯಿತು. ಸಂಜೆ ಮೈದಾನದಿಂದ ಬಂದ ಹುಡುಗರು ಅಂಗಡಿಯ ಕಟ್ಟೆಯ ಮೇಲೆ ಕೂತು, ಟಿವಿ ಡಬ್ಬದ ರಟ್ಟು ಹರಿದು ಅದರ ಮೇಲೆ ಪಂದ್ಯಗಳ ಪಟ್ಟಿ ಬರೆಯುತ್ತಿದ್ದೆವು. ಪಟ್ಟಿ ಹೇಗೇ ಶುರುವಾದರೂ ಕೊನೆಗೆ ಉಳಿಯುವುದು ಇಳಕಲ್ ಮತ್ತು ಹುನಗುಂದ. ಅಲ್ಲಿಂದ ಮುಂದೆ ಪ್ರತಿ ಓವರೂ ಬಾಯಲ್ಲೇ ನಡೆಯುತ್ತಿತ್ತು. ಟಾಸ್ ಅವರೇ ಗೆಲ್ಲುತ್ತಿದ್ದರು, ಅವರಿಗೆ ಅಷ್ಟಾದರೂ ಬಿಟ್ಟುಕೊಡುತ್ತಿದ್ದೆವು. ಕೊನೆಯ ಓವರಿನಲ್ಲಿ ನಮಗೆ ಹನ್ನೊಂದು ರನ್ ಬೇಕು. ನಾನ್ ಸ್ಟ್ರೈಕರ್ ತುದಿಯಲ್ಲಿ ಯಾರಿರಬೇಕು ಎಂಬುದಕ್ಕೆ ನಿಜವಾದ ಜಗಳಗಳಾಗಿವೆ. ಸೋತವರು ಗೆದ್ದವರಿಗೆ ಅಮೀನಗಡದ ಕರದಂಟು ಕೊಡಿಸಬೇಕೆಂಬ ಪಣವೂ ಇತ್ತು. ಅದರಲ್ಲೊಂದು ಕಷ್ಟವಿತ್ತು. ಅಮೀನಗಡ ಇರುವುದು ಹುನಗುಂದದ ಆಚೆ. ನಾವು ಸೋತರೆ ಕರದಂಟು ತರಲು ಗೆದ್ದವರ ಊರಿನ ನಡುವೆಯೇ ಹಾದು ಹೋಗಬೇಕು. ಆ ಅವಮಾನ ನೆನೆಸಿಕೊಂಡೇ ನಾವು ಎಷ್ಟೋ ಸಂಜೆ ಗೆದ್ದಿದ್ದೇವೆ.

ನಿಜವಾಗಿ ಆ ಫೈನಲ್ ಎಂದೂ ಆಗಲಿಲ್ಲ. ಹತ್ತಿರ ಹೋದದ್ದು ಒಮ್ಮೆ, 1998ರಲ್ಲಿ, ಬಾದಾಮಿಯಲ್ಲಿ. ಟ್ರ್ಯಾಕ್ಸ್ ಗಾಡಿಯೊಂದರಲ್ಲಿ ಹದಿನೆಂಟು ಮಂದಿ ತುಂಬಿಕೊಂಡು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗಿದ್ದೆವು. ದೂರದಲ್ಲಿ ಗುಹೆಗಳ ಕೆಂಪು ಗುಡ್ಡ ಕಾಣುತ್ತಿತ್ತು. ಸೆಮಿಫೈನಲ್‌ನಲ್ಲಿ ಬಾಗಲಕೋಟೆಯ ತಂಡ ನಮ್ಮನ್ನು ಸೋಲಿಸಿತು. ಇನ್ನೊಂದು ಸೆಮಿಫೈನಲ್‌ನಲ್ಲಿ ಹುನಗುಂದದವರು ಗೆದ್ದರು. ಗಾಡಿಯವನು ಹೊರಡೋಣ ಎಂದರೂ ನಮ್ಮಲ್ಲಿ ಯಾರೂ ಏಳಲಿಲ್ಲ. ಫೈನಲ್ ಶುರುವಾದ ಮೂರನೇ ಓವರಿಗೆ ನಾವು ಹದಿನೆಂಟು ಮಂದಿಯೂ ಹುನಗುಂದದ ಪರ ಗಂಟಲು ಹರಿದುಕೊಳ್ಳುತ್ತಿದ್ದೆವು. ಅವರೇ ತಿರುಗಿ ತಿರುಗಿ ನಮ್ಮನ್ನು ನೋಡುತ್ತಿದ್ದರು. ಕೊನೆಗೆ ಅವರೂ ಸೋತರು. ಬರುವಾಗ ಎರಡೂ ಗಾಡಿಗಳು ಅಮೀನಗಡದಲ್ಲಿ ನಿಂತವು. ಕರದಂಟಿನ ದುಡ್ಡು ಯಾರು ಕೊಟ್ಟರೋ ಈಗ ನೆನಪಿಲ್ಲ. ನಾವೇಕೆ ಹುನಗುಂದದ ಪರ ಕೂಗಿದೆವು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಬಾಜೂ ಊರಿನವರಲ್ಲವೇ, ಕೇಳುವುದೇನಿದೆ.

ಅದೇ ಕಟ್ಟೆಯ ಮೇಲೆ, ಅದೇ ರಟ್ಟಿನ ಮೇಲೆ ಇನ್ನೊಂದು ಫೈನಲ್ಲೂ ಬರೆಯಲ್ಪಡುತ್ತಿತ್ತು. ಅದು ಭಾರತ ಮತ್ತು ಪಾಕಿಸ್ತಾನದ್ದು. 1996ರ ವಿಶ್ವಕಪ್ಪಿನ ಫೈನಲ್ ಲಾಹೋರಿನಲ್ಲಿ ಎಂದು ಗೊತ್ತಾದ ದಿನದಿಂದ ನನ್ನ ಗೆಳೆಯನೊಬ್ಬನಿಗೆ ಹುಚ್ಚೇ ಹಿಡಿದಿತ್ತು. ಅವನು ನೇಕಾರರ ಮನೆಯ ಹುಡುಗ. ಮನೆಯಲ್ಲಿ ಕುಣಿ ಮಗ್ಗವಿತ್ತು. ತಂದೆ ನೇಯುತ್ತಿದ್ದರು, ಇವನು ಕಂಡಿಕೆ ಸುತ್ತುತ್ತ ಪಂದ್ಯ ಕಟ್ಟುತ್ತಿದ್ದ. "ಪಾಕಿಸ್ತಾನನ ಬರಬೇಕ್ ನೋಡಲೇ ಫೈನಲ್‌ಗೆ. ಬ್ಯಾರೆ ಯಾರ್ ಬಂದ್ರೂ ಮಜಾ ಇಲ್ಲ" ಎನ್ನುತ್ತಿದ್ದ. ಲಾಹೋರಿನಲ್ಲಿ, ಅವರ ಜನರ ಮುಂದೆ, ನಮ್ಮ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್. ಅವನು ಹೇಳುವಾಗ ನನಗೂ ಮೈ ಜುಮ್ಮೆನ್ನುತ್ತಿತ್ತು. ಹೌದು ಹೌದು ಎಂದು ನಾನೂ ತಲೆ ಆಡಿಸುತ್ತಿದ್ದೆ. ರಾತ್ರಿ ಮನೆಗೆ ಹೋಗಿ ಇಶಾ ನಮಾಜಿನ ನಂತರ ಕೈ ಎತ್ತಿ, ಯಾ ಅಲ್ಲಾಹ್, ಪಾಕಿಸ್ತಾನ ಸೆಮಿಫೈನಲ್‌ನಲ್ಲೇ ಸೋಲಲಿ, ನಮಗೆ ಎದುರಾಗದಿರಲಿ ಎಂದು ದುಆ ಮಾಡುತ್ತಿದ್ದೆ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ. ಬಹಳ ವರ್ಷಗಳ ನಂತರ ನಮ್ಮ ಓಣಿಯ ಮೂರ್ನಾಲ್ಕು ಮಂದಿ ಮಾತಿಗೆ ಕೂತಾಗ ಅವರೂ ಇದೇ ದುಆ ಮಾಡುತ್ತಿದ್ದರೆಂದು ತಿಳಿದು ನಕ್ಕೆವು.

ಈ ಭಯ ನನಗೆ ಅಬ್ಬಾರಿಂದ ಬಂದದ್ದು. 1986ರ ಏಪ್ರಿಲ್ 18, ಶುಕ್ರವಾರ. ಶಾರ್ಜಾದಲ್ಲಿ ಫೈನಲ್. ಅಂಗಡಿಯ ರೇಡಿಯೋ ಸುತ್ತ ಜನ. ಕೊನೆಯ ಚೆಂಡಿಗೆ ಪಾಕಿಸ್ತಾನಕ್ಕೆ ನಾಲ್ಕು ರನ್ ಬೇಕಿತ್ತು. ಚೇತನ್ ಶರ್ಮಾ ಹಾಕಿದ ಚೆಂಡನ್ನು ಜಾವೇದ್ ಮಿಯಾಂದಾದ್ ಸಿಕ್ಸರ್ ಹೊಡೆದ. ಅಬ್ಬಾ ಆ ಕ್ಷಣವನ್ನು ಹೇಳುತ್ತಿದ್ದುದು ಹೀಗೆ: "ಅಷ್ಟೂ ಹೊತ್ತು ಎಲ್ಲರೂ ರೇಡಿಯೋ ನೋಡುತ್ತಿದ್ದರು. ಸಿಕ್ಸರ್ ಎಂದ ಕೂಡಲೇ ಎಲ್ಲರೂ ನನ್ನ ಮುಖ ನೋಡಿದರು." ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ದಿನಾ ಬರುವವರೇ, ಚಹಾ ಕುಡಿಯುವವರೇ. ಆದರೆ ತಾನು ದುಃಖವನ್ನೂ ತೋರಿಸಬೇಕಾಗಿದೆ ಎಂಬುದು ಅಬ್ಬಾರಿಗೆ ಅಂದು ಮೊದಲ ಸಲ ಹೊಳೆಯಿತಂತೆ. ದುಃಖ ನಿಜವಾಗಿಯೂ ಇತ್ತು, ಅದನ್ನು ಇನ್ನೊಬ್ಬರಿಗೆ ಕಾಣುವ ಹಾಗೆ ಮುಖದ ಮೇಲೆ ತರುವುದು ಹೇಗೆ ಎಂಬುದು ಗೊತ್ತಿರಲಿಲ್ಲ.

ಅಲ್ಲಿಂದ ಅಬ್ಬಾ ಒಂದು ನಿಯಮ ಮಾಡಿಕೊಂಡರು. ನನಗೂ ಕಲಿಸಿದರು. ಪಾಕಿಸ್ತಾನದ ವಿಕೆಟ್ ಬಿದ್ದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಬಾರದು, ನಾಟಕ ಅನ್ನುತ್ತಾರೆ. ತಡವಾಗಿಯೂ ತಟ್ಟಬಾರದು, ಲೆಕ್ಕ ಇಡುತ್ತಾರೆ. ನಾಲ್ಕು ಮಂದಿ ತಟ್ಟಲಿ, ನೀನು ಐದನೆಯವನಾಗು.

1996ರಲ್ಲಿ ಲಾಹೋರಿನವರೆಗೆ ಹೋಗುವ ಮೊದಲೇ, ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಎರಡೂ ತಂಡಗಳು ಎದುರಾದವು. ನನ್ನ ದುಆಕ್ಕೆ ಈ ತಿರುವು ಹೊಳೆದಿರಲಿಲ್ಲ. ಅಬ್ಬಾ ಕರೆಂಟ್ ಹೋದರೂ ಇರಲಿ ಎಂದು ಕಪ್ಪು ಬಿಳುಪು ಟಿವಿಯೊಂದನ್ನು ಬ್ಯಾಟರಿಗೆ ಜೋಡಿಸಿ ಇಟ್ಟಿದ್ದರು. ಅಂಗಡಿಯಿಂದ ರಸ್ತೆಯವರೆಗೂ ಮಂದಿ. ಸಿಧು 93 ಹೊಡೆದ. ಅಜಯ್ ಜಡೇಜಾ ವಕಾರ್ ಯೂನಿಸನ ಚೆಂಡುಗಳನ್ನು ಚಚ್ಚಿ 25 ಎಸೆತಕ್ಕೆ 45 ಮಾಡಿದ. 287 ರನ್ ಆಯಿತು. ಆದರೆ ಸಯೀದ್ ಅನ್ವರ್ ಮತ್ತು ಆಮಿರ್ ಸೊಹೈಲ್ ಶುರು ಮಾಡಿದ ರೀತಿಗೆ ಕಟ್ಟೆಯೆಲ್ಲ ಮೌನವಾಯಿತು. ಸೊಹೈಲ್ ಪ್ರಸಾದನಿಗೆ ಬೌಂಡರಿ ಹೊಡೆದು, ಮುಂದಿನದನ್ನೂ ಅಲ್ಲಿಗೇ ಕಳಿಸುತ್ತೇನೆ ಎಂಬಂತೆ ಬ್ಯಾಟು ತೋರಿಸಿದ. ಮರು ಚೆಂಡಿಗೆ ಅವನ ಸ್ಟಂಪು ಹಾರಿತು. ಅವತ್ತು ನಾನು ಐದನೆಯವನಾಗಲು ಮರೆತೆ. ಎಲ್ಲರಿಗಿಂತ ಮೊದಲು ಕುಣಿದವನು ನಾನೇ. ಅಬ್ಬಾ ನನ್ನನ್ನು ನೋಡಿದರು, ಬೈಯಲಿಲ್ಲ.

ಅಂದು ನಮ್ಮ ನಾಯಕ ಅಜರುದ್ದೀನ್. ಇಡೀ ಊರು 'ನಮ್ಮ ಅಜರ್' ಎನ್ನುತ್ತಿತ್ತು. 2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಕ್ರಿಕೆಟ್ ಮಂಡಳಿ ಅವನಿಗೆ ಆಜೀವ ನಿಷೇಧ ಹಾಕಿದಾಗ ಅಂಗಡಿಗೆ ಬಂದವರೊಬ್ಬರು "ಏನ್ ಸಾಬ್ರ, ನಿಮ್ಮ ಅಜರ್ ಹಿಂಗ ಮಾಡಿಬಿಟ್ಟ" ಎಂದರು. ಅದೇ ಪ್ರಕರಣದಲ್ಲಿ ಜಡೇಜಾನ ಮೇಲೂ ಐದು ವರ್ಷದ ನಿಷೇಧ ಬಿತ್ತು. ಅವನು ಯಾರವನೂ ಆಗಲಿಲ್ಲ. ಅಜರ್‌ನ ನಿಷೇಧವನ್ನು 2012ರಲ್ಲಿ ಆಂಧ್ರ ಹೈಕೋರ್ಟು ರದ್ದು ಮಾಡಿತು. ಆ ಹೊತ್ತಿಗೆ ಅಬ್ಬಾ ಇರಲಿಲ್ಲ.

ಒಂದು ಮಾತು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ನಮ್ಮ ಓಣಿಯಲ್ಲಿ ಪಾಕಿಸ್ತಾನ ಗೆಲ್ಲಲಿ ಎನ್ನುವ ಹುಡುಗರೇ ಇರಲಿಲ್ಲ ಎಂದರೆ ಸುಳ್ಳಾದೀತು. ಇಬ್ಬರೋ ಮೂವರೋ ಇದ್ದರು. ಶಾಲೆಯಲ್ಲಿ ಯಾರೋ ಕೆಣಕಿದ್ದಕ್ಕೆ ಹಟಕ್ಕೆ ಬಿದ್ದವರು. ಹಿರಿಯರಿಂದ ಬೈಸಿಕೊಂಡರು, ಒಬ್ಬ ಏಟನ್ನೂ ತಿಂದ. ಅವರದು ತಪ್ಪೇ. ಆದರೆ ಅವರ ಹಟವನ್ನೇ ಹಿಡಿದು ಇಡೀ ಓಣಿಯನ್ನು ಅಳೆಯುವುದು ಇನ್ನೂ ದೊಡ್ಡ ತಪ್ಪು. ಇನ್ನು ನನ್ನ ವಿಷಯ. ನನಗೆ ಭಾರತ ಗೆಲ್ಲಬೇಕಿತ್ತು, ಅದರ ಜೊತೆಗೆ ವಾಸಿಂ ಅಕ್ರಮ್ ಇಷ್ಟವಿದ್ದ. ಹಳೆಯ ಚೆಂಡನ್ನು ಅವನು ಒಳಗೆ ಹೊರಗೆ ತಿರುಗಿಸುವುದನ್ನು ನೋಡಿದ ಯಾವ ಹುಡುಗನಿಗೆ ಇಷ್ಟವಾಗುವುದಿಲ್ಲ? 'ಸ್ಪೋರ್ಟ್‌ಸ್ಟಾರ್' ಪತ್ರಿಕೆಯಲ್ಲಿ ಬಂದ ಅವನ ದೊಡ್ಡ ಚಿತ್ರವನ್ನು ತಂದು ಗೋಡೆಗೆ ಹಚ್ಚಲು ಹೋದಾಗ ಅಬ್ಬಾ ತಡೆದರು. "ನಮ್ಮ ಮನೆಯಲ್ಲಿ ಬೇಡ" ಎಂದಷ್ಟೇ ಹೇಳಿದರು. ನನಗೆ ಅರ್ಥವಾಯಿತು. ಚಿತ್ರವನ್ನು ಹರಿಯಲು ಮನಸ್ಸಾಗದೆ ನೇಕಾರ ಗೆಳೆಯನಿಗೆ ಕೊಟ್ಟೆ. ಅವನಿಗೂ ಅಕ್ರಮ್ ಎಂದರೆ ಪ್ರಾಣ. ಅವನು ಅದನ್ನು ಕುಣಿ ಮಗ್ಗದ ಎದುರಿನ ಗೋಡೆಗೆ, ದೇವರ ಪಟಗಳ ಸಾಲಿಗೇ ಹಚ್ಚಿದ. ಅವನ ತಂದೆ ತೆನಿಗೆ ಕೊಂಡಿ ಹಾಕುತ್ತ ಕೂತಾಗ ಎದುರಿಗೆ ವಾಸಿಂ ಅಕ್ರಮ್ ಓಡಿ ಬರುತ್ತಿದ್ದ. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನು ಅಕ್ರಮ್‌ನನ್ನು ನೋಡಬೇಕೆನಿಸಿದಾಗ ಗೆಳೆಯನ ಮನೆಗೆ ಹೋಗುತ್ತಿದ್ದೆ.

ಬ್ರಿಟನ್ನಿನಲ್ಲಿ 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ರಾಜಕಾರಣಿ, ಅಲ್ಲಿ ನೆಲೆಸಿದ ಏಷ್ಯನ್ನರು ಕ್ರಿಕೆಟ್ಟಿನಲ್ಲಿ ಯಾವ ದೇಶಕ್ಕೆ ಜೈ ಅನ್ನುತ್ತಾರೆ ಎಂಬುದನ್ನು ಅವರ ನಿಷ್ಠೆಯ ಪರೀಕ್ಷೆಯಾಗಿ ಮುಂದಿಟ್ಟ. ಲಂಡನ್ನಿನಲ್ಲಿ ಭಾರತದ ಬಾವುಟ ಬೀಸುವ ನಮ್ಮವರಿಗೆ ಆ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ಆದರೆ ಅದೇ ಪ್ರಶ್ನೆಪತ್ರಿಕೆಯನ್ನು ಇಲ್ಲಿ ನಮ್ಮ ಕೈಗೆ ಕೊಡುವಾಗ ಯಾರಿಗೂ ಟೆಬಿಟ್ ನೆನಪಾಗುವುದಿಲ್ಲ. ಅಲ್ಲಿನವರು ವಲಸೆ ಹೋದವರು. ನಮ್ಮ ಅಜ್ಜ, ಮುತ್ತಜ್ಜ ಇಳಕಲ್ಲಿನ ಮಣ್ಣಿನಲ್ಲೇ ಇದ್ದಾರೆ. ಪ್ರಶ್ನೆ ಕೇಳಿದವರು ನನ್ನ ಬದುಕಿನಲ್ಲಿ ಹೆಚ್ಚೆಂದರೆ ಐದಾರು ಮಂದಿ, ಕೇಳದವರು ಊರ ತುಂಬ. ಆದರೂ ಪರೀಕ್ಷೆ ಇದೆ ಎಂದು ಗೊತ್ತಾದವನಿಗೆ ಕೇಳುವವರು ಎಷ್ಟು ಮಂದಿ ಎಂಬುದು ಮುಖ್ಯವಲ್ಲ.

1999 ನನಗೆ ಎರಡು ಚಿತ್ರಗಳಾಗಿ ನೆನಪಿದೆ. ಜನವರಿ 31ರಂದು ಚೆನ್ನೈ ಟೆಸ್ಟನ್ನು ಪಾಕಿಸ್ತಾನ 12 ರನ್‌ಗಳಿಂದ ಗೆದ್ದಿತು. ಸಚಿನ್ ಬೆನ್ನು ನೋವಿನಲ್ಲಿ 136 ಹೊಡೆದೂ ಸೋತಿದ್ದೆವು. ಗೆದ್ದ ತಂಡ ಮೈದಾನ ಸುತ್ತು ಹಾಕಿದಾಗ ಚೆಪಾಕಿನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಬಂದ ಆ ಚಿತ್ರವನ್ನು ಅಬ್ಬಾ ಕತ್ತರಿಸಿ ಅಂಗಡಿಯ ಡ್ರಾಯರಿನಲ್ಲಿ, ಸೋಲ್ಡರಿಂಗ್ ತಂತಿಯ ಕೆಳಗೆ ಇಟ್ಟುಕೊಂಡಿದ್ದರು. ಕೆಲವೇ ತಿಂಗಳಿಗೆ ಕಾರ್ಗಿಲ್ ಯುದ್ಧ. ಅದರ ನಡುವೆಯೇ ಇಂಗ್ಲೆಂಡಿನಲ್ಲಿ ವಿಶ್ವಕಪ್. ಜೂನ್ 8ರಂದು ಮ್ಯಾಂಚೆಸ್ಟರಿನಲ್ಲಿ ವೆಂಕಟೇಶ್ ಪ್ರಸಾದ್ 27 ರನ್‌ಗೆ 5 ವಿಕೆಟ್ ಕಿತ್ತು ಭಾರತವನ್ನು ಗೆಲ್ಲಿಸಿದ. ಆದರೆ ಫೈನಲ್ ತಲುಪಿದ್ದು ಪಾಕಿಸ್ತಾನ, ಆಸ್ಟ್ರೇಲಿಯಾ ವಿರುದ್ಧ. ಜೂನ್ 20, ಭಾನುವಾರ. ಬಾದಾಮಿಯಲ್ಲಿ ನಾವು ಹುನಗುಂದದ ಪರ ಕೂಗಿ ಒಂದು ವರ್ಷವೂ ಆಗಿರಲಿಲ್ಲ. ನೇಕಾರ ಗೆಳೆಯ ಅಂಗಡಿಗೆ ಬಂದು ಕೂತ. ಗಡಿಯಲ್ಲಿ ಹುಡುಗರು ಸಾಯುತ್ತಿದ್ದರು, ಅವನಿಗೂ ಅಂದು ಅಕ್ರಮ್ ಬೇಡವಾಗಿದ್ದ. ಪಾಕಿಸ್ತಾನ 132ಕ್ಕೆ ಕುಸಿಯುತ್ತಿದ್ದಾಗ ಹೊಸಬನೊಬ್ಬ ಅಬ್ಬಾರ ಕಡೆ ತಿರುಗಿ, "ಯಾಕ ಸಾಬ್ರ, ಮಾರಿ ಸಣ್ಣ ಮಾಡೀರಿ?" ಎಂದ. ಅಬ್ಬಾರಿಗೆ ಅಂದು ಜ್ವರವಿತ್ತು. ಅದನ್ನು ಹೇಳಲಿಲ್ಲ. ಎದ್ದು ಹೋಗಿ ಟಿವಿ ಆರಿಸಿ, "ಲೈನ್ ಹೋತ್ರೀ" ಎಂದರು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಕೊನೆಗೂ ಆ ಫೈನಲ್ ಬಂದದ್ದು 2007ರ ಸೆಪ್ಟೆಂಬರ್ 24ಕ್ಕೆ. ಮೊದಲ ಟಿ20 ವಿಶ್ವಕಪ್, ಜೊಹಾನ್ಸ್‌ಬರ್ಗ್, ಭಾರತ ಮತ್ತು ಪಾಕಿಸ್ತಾನ. ರಂಜಾನ್ ತಿಂಗಳು. ಪಂದ್ಯ ನಮ್ಮ ಸಮಯಕ್ಕೆ ಸಂಜೆ ಐದೂವರೆಗೆ ಶುರು. ಇಫ್ತಾರಿನ ಹೊತ್ತಿಗೆ ಗಂಭೀರ್ ಆಡುತ್ತಿದ್ದ. ಭಾರತದ್ದು 157 ಆಯಿತು. ಇಶಾಗೆ ಮಸೀದಿಗೆ ಹೊರಟಾಗ ಪಾಕಿಸ್ತಾನದ ವಿಕೆಟ್‌ಗಳು ಬೀಳುತ್ತಿದ್ದವು. ತರಾವೀಹ್ ಶುರುವಾಯಿತು. ಹಿಂದಿನ ಸಾಲುಗಳು ಎಂದಿಗಿಂತ ತೆಳ್ಳಗಿದ್ದವು ಎಂಬುದನ್ನು ಒಪ್ಪಿಕೊಳ್ಳಬೇಕು. ನಾನು ನಿಂತಿದ್ದೆ, ಕಿವಿ ಮಾತ್ರ ಹೊರಗಿತ್ತು. ಅಲ್ಲಾಹ್ ಕ್ಷಮಿಸಲಿ. ಒಂಬತ್ತರ ಸುಮಾರಿಗೆ ಇಮಾಮರ ಕಿರಾಅತ್ ನಡೆಯುತ್ತಿರುವಾಗ ಊರಿನ ನಾಲ್ಕೂ ಕಡೆಯಿಂದ ಒಮ್ಮೆಲೇ ಪಟಾಕಿ ಹಾರಿದವು. ಯಾರೂ ತಿರುಗುವಂತಿಲ್ಲ, ಮಾತಾಡುವಂತಿಲ್ಲ. ಆದರೆ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿ ನಿಂತಿದ್ದೆವಲ್ಲ, ಪಕ್ಕದವನ ಭುಜ ಸಡಿಲವಾದದ್ದು ನನಗೆ ತಿಳಿಯಿತು. ನನ್ನದು ಅವನಿಗೆ ತಿಳಿದಿರಬೇಕು. ಸಲಾಮ್ ಕೊಟ್ಟ ಮೇಲೆ ಮುದುಕರೊಬ್ಬರು "ಯಾರು ಗೆದ್ದರಪ್ಪಾ?" ಎಂದು ಕೇಳಿದರು. "ಪಟಾಕಿ ಕೇಳಿಸಲಿಲ್ಲವೇ ಚಾಚಾ" ಎಂದ ಒಬ್ಬ ಹುಡುಗ. ಐದು ರನ್. ಮಿಸ್ಬಾ ಹೊಡೆದದ್ದು ಶ್ರೀಶಾಂತನ ಕೈಗೆ. ನಾಲ್ಕು ಓವರಿನಲ್ಲಿ 16 ರನ್ ಕೊಟ್ಟು 3 ವಿಕೆಟ್ ತೆಗೆದ ಇರ್ಫಾನ್ ಪಠಾಣ್ ಪಂದ್ಯಶ್ರೇಷ್ಠ. ಅವನ ಅಣ್ಣ ಯೂಸುಫ್‌ಗೆ ಅದು ಭಾರತಕ್ಕಾಗಿ ಮೊದಲ ಪಂದ್ಯ. ವಡೋದರಾದ ಮಸೀದಿಯೊಂದರ ಮುಅಝ್ಝಿನರ ಮಕ್ಕಳು, ಮಸೀದಿಯ ಅಂಗಳದಲ್ಲೇ ಆಡಿ ಬೆಳೆದವರು. ಅಂದು ರಾತ್ರಿ ಮಸೀದಿಯ ಮೆಟ್ಟಿಲ ಮೇಲೆ ನಾವು ಎಷ್ಟು ಹೊತ್ತು ನಿಂತು ಮಾತಾಡಿದೆವೋ ಲೆಕ್ಕವಿಲ್ಲ.

ಮನೆಗೆ ಬಂದು ಬಹುಮಾನ ಸಮಾರಂಭವನ್ನು ಮರುಪ್ರಸಾರದಲ್ಲಿ ನೋಡಿದೆ. ಸೋತ ನಾಯಕ ಶೋಯೆಬ್ ಮಲಿಕ್ ತನ್ನ ದೇಶದ ಜನರಿಗೂ ಜಗತ್ತಿನ ಎಲ್ಲ ಕಡೆ ಇರುವ ಮುಸ್ಲಿಮರಿಗೂ ಧನ್ಯವಾದ ಹೇಳಿದ. ಬೇಕೆಂದು ಹೇಳಿದನೋ, ಸೋಲಿನ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದೋ. ಅಲ್ಲೇ ಪಕ್ಕದಲ್ಲಿ ಅವನನ್ನು ಸೋಲಿಸಿದ ಇರ್ಫಾನ್ ನಿಂತಿದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಂಗಡಿಗೆ ಬಂದ ಹೊಸಬ ನನ್ನನ್ನು ಕೇಳದೆ ಅವರ ಕಡೆ ಸೇರಿಸಿದ್ದ, ಈಗ ಇವನೂ ನನ್ನನ್ನು ಕೇಳದೆ ಅದನ್ನೇ ಮಾಡುತ್ತಿದ್ದ.

ಆಮೇಲಿನವು ಇಷ್ಟು ಸಿಹಿಯಾಗಿರಲಿಲ್ಲ. 2017ರ ಜೂನ್ 18ರಂದು, ಅದೂ ರಂಜಾನಿನಲ್ಲೇ, ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನ 180 ರನ್‌ಗಳಿಂದ ಗೆದ್ದಿತು. ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸಂಭ್ರಮಿಸಿದರೆಂದು ಬಡ ಮುಸ್ಲಿಮರ ಮೇಲೆ ದೇಶದ್ರೋಹದ ಪ್ರಕರಣ ಬಿತ್ತು. ಆ ಕಲಮನ್ನು ಬೇಗನೇ ಕೈಬಿಟ್ಟರೂ ಮೊಕದ್ದಮೆ ನಡೆದೇ ನಡೆಯಿತು. ಸಾಕ್ಷಿ ನಿಲ್ಲದೆ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡುವ ಹೊತ್ತಿಗೆ 2023 ಬಂದಿತ್ತು. 2021ರಲ್ಲಿ ದುಬೈಯಲ್ಲಿ ಭಾರತ ಹತ್ತು ವಿಕೆಟ್‌ಗಳಿಂದ ಸೋತಾಗ ಹನ್ನೊಂದು ಮಂದಿಯಲ್ಲಿ ಮೊಹಮ್ಮದ್ ಶಮಿಯೊಬ್ಬನನ್ನೇ ಹುಡುಕಿ ಬೈದರು. ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರ ಮುಂದೆ ಶಮಿಯ ಪರ ನೇರವಾಗಿ ನಿಂತ. ಅಂದಿನಿಂದ ಅವನು ಸೊನ್ನೆಗೆ ಔಟಾದರೂ ನನಗೆ ಬೇಸರವಾಗುವುದಿಲ್ಲ.

ಕಳೆದ 2025ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್. 1984ರಲ್ಲಿ ಶುರುವಾದ ಆ ಟೂರ್ನಿಯಲ್ಲಿ ಭಾರತ ಮತ್ತು ಪಾಕಿಸ್ತಾನ ಫೈನಲ್‌ನಲ್ಲಿ ಎದುರಾದದ್ದು ಅದೇ ಮೊದಲು. ಅದೇ ವರ್ಷ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಅಮಾಯಕ ಪ್ರವಾಸಿಗರನ್ನು ಕೊಂದಿದ್ದರು, ಮೇ ತಿಂಗಳಲ್ಲಿ ಗಡಿಯಲ್ಲಿ ಕ್ಷಿಪಣಿಗಳು ಹಾರಿದ್ದವು. ಆಟಗಾರರು ಒಬ್ಬರ ಕೈ ಒಬ್ಬರು ಕುಲುಕಲಿಲ್ಲ. ನಾನು ಈಗ ಬಾಗಲಕೋಟೆಯ ನವನಗರದಲ್ಲಿದ್ದೇನೆ. ಸೆಮಿಫೈನಲ್ ಎಂಬುದಿರದ ಆ ಟೂರ್ನಿಯ ಲೆಕ್ಕಾಚಾರ ಹಾಕುತ್ತ ಒಂಬತ್ತನೇ ತರಗತಿಯ ನನ್ನ ಮಗಳು, "ಅಬ್ಬಾ, ಪಾಕಿಸ್ತಾನವೇ ಬರಬೇಕು ಫೈನಲ್‌ಗೆ, ಅಲ್ಲವೇ?" ಎಂದಳು. ಹಾಳೆಯ ಮೇಲೆ ಅಂಕಪಟ್ಟಿ ಬರೆದಿದ್ದಳು. ಬಾಂಗ್ಲಾದೇಶ ಬಂದರೆ ಸಾಕು ಎಂದೆ. "ಅದರಲ್ಲೇನು ಮಜಾ?" ಎಂದಳು.

ಸೆಪ್ಟೆಂಬರ್ 28ರ ರಾತ್ರಿ ಮನೆಯಲ್ಲಿ ನಾವು ಮೂವರೇ ಕೂತು ನೋಡಿದೆವು. ತಿಲಕ್ ವರ್ಮಾ ಕೊನೆಯವರೆಗೂ ನಿಂತು 69 ಹೊಡೆದ. ಸಿಕ್ಸರ್ ಹೋದಾಗಲೆಲ್ಲ ಮಗಳು ಮಂಚದ ಮೇಲೆ ಹಾರುತ್ತಿದ್ದಳು. ನನ್ನ ಕೈಗಳು ಮಾತ್ರ ಒಂದು ಕ್ಷಣ ತಡೆದು ಆಮೇಲೆ ಸೇರುತ್ತಿದ್ದವು. ಮನೆಯೊಳಗೆ, ಬಾಗಿಲು ಹಾಕಿಕೊಂಡು, ನಾಲ್ಕು ಮಂದಿ ತಟ್ಟಲಿ ಎಂದು ಕಾಯುವ ಅಭ್ಯಾಸ ಅವಕ್ಕೆ ಬಿಟ್ಟಿರಲಿಲ್ಲ. ಮಗಳು ಅದನ್ನು ಗಮನಿಸಲಿಲ್ಲ.

ಪಂದ್ಯ ಮುಗಿದು ಎಷ್ಟೋ ಹೊತ್ತಾದರೂ ಕಪ್ ಕೊಡುವ ಕಾರ್ಯಕ್ರಮವೇ ಶುರುವಾಗಲಿಲ್ಲ. ಪಾಕಿಸ್ತಾನದ ಮಂತ್ರಿಯೂ ಆಗಿದ್ದ ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷರ ಕೈಯಿಂದ ನಮ್ಮವರು ಕಪ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದನ್ನು ನೋಡುತ್ತ ಕೂತಿದ್ದಾಗ ಇಳಕಲ್ಲಿನಿಂದ ನೇಕಾರ ಗೆಳೆಯನ ಫೋನು ಬಂತು. ಅವನ ತಂದೆ ತೀರಿಹೋಗಿ ಬಹಳ ವರ್ಷವಾಯಿತು. ಮಗ್ಗ ಇನ್ನೂ ಇದೆ, ಒಂದೇ ಉಳಿದಿದೆ. ಪಂದ್ಯದ ಮಾತು ಎರಡು ನಿಮಿಷಕ್ಕೆ ಮುಗಿಯಿತು.

"ಮ್ಯಾಚ್ ಇರ್ಲಿ, ಬ್ಯಾರೆ ಮಾತೈತಿ. ಬುಧವಾರ ಆಯುಧ ಪೂಜಿ ಐತಲ್ಲ, ಮಗ್ಗದ ಮನಿಗೆ ಸುಣ್ಣ ಹಚ್ಚಾಕತ್ತೀವಿ. ಪಟಾ ಎಲ್ಲಾ ಇಳಿಸೀವಿ. ನಿನ್ನ ವಾಸಿಂ ಅಕ್ರಮ್ ಅದಾನಲ್ಲೋ, ನಮ್ಮಪ್ಪ ಕಟ್ಟ ಹಾಕಿಸಿಟ್ಟಿದ್ದು. ಗ್ಲಾಸ್ ಒಡದೈತಿ. ಹುಡುಗ್ರು ಒಗೀರಿ ಅಂತಾವ. ಏನ್ ಮಾಡ್ಲಿ?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮಗಳು ಟಿವಿಯ ದನಿ ತಗ್ಗಿಸಿದಳು.

"ಒಗೀಬ್ಯಾಡ" ಎಂದೆ. "ಮುಂದಿನ ವಾರ ಊರಿಗೆ ಬರ್ತೀನಿ. ಗ್ಲಾಸ್ ನಾ ಹಾಕಸ್ತೀನಿ."